ನಾಮಿನಿ ಕಾಲಂನಲ್ಲಿ ಅಮ್ಮನ ಹೆಸರು

ಮ್ಯೂಚುವಲ್ ಫಂಡ್ ಶುರು ಮಾಡುವಾಗ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಯಾವ ಫಂಡ್, ಎಷ್ಟು ಎಸ್‌ಐಪಿ, ಹತ್ತು ವರ್ಷಕ್ಕೆ ಎಷ್ಟಾಗುತ್ತದೆ ಅನ್ನುವುದರ ಬಗ್ಗೆ. ನಾಮಿನಿ ಕಾಲಂ ಬರುವ ಹೊತ್ತಿಗೆ ಫಾರ್ಮ್ ಮುಗಿದರೆ ಸಾಕಪ್ಪಾ ಅನ್ನಿಸಿರುತ್ತದೆ. ಆಗ ಮನಸ್ಸಿಗೆ ಬಂದ ಮೊದಲ ಹೆಸರು ಬರೆದು ಮುಂದೆ ಹೋಗುತ್ತೇವೆ. ಮದುವೆಯಾಗದವರು ಅಮ್ಮನ ಹೆಸರು ಬರೆಯುತ್ತಾರೆ, ಆದವರು ಗಂಡನದೋ ಹೆಂಡತಿಯದೋ. ನನ್ನ ಮೊದಲ ಕೆಲಸದ ದಿನಗಳ ಫೋಲಿಯೊಗಳಲ್ಲೆಲ್ಲ, ಅಂದರೆ ಫಂಡ್ ಹೌಸ್‌ಗಳಲ್ಲಿರುವ ಖಾತೆಗಳಲ್ಲೆಲ್ಲ, ಅಮ್ಮನ ಹೆಸರೇ ಇದೆ. ಆಮೇಲೆ ಮದುವೆಯಾಯಿತು, ಮಗಳು ಹುಟ್ಟಿದಳು, ಮನೆ ಬದಲಾಯಿತು, ಕೆಲಸ ಬದಲಾಯಿತು. ಈ ವರ್ಷ ಆ ಕಾಲಂ ಮುಂದೆ ಕೂತಾಗ ಬೆರಳು ನಿಂತುಬಿಟ್ಟಿತು. ಅಮ್ಮನ ಹೆಸರು ತೆಗೆದು ಇವರ ಹೆಸರು ಹಾಕೋದಾ? ಹಾಗೆ ಮಾಡಿದರೆ ಅಮ್ಮನಿಗೆ ಏನೋ ಅನ್ಯಾಯ ಮಾಡಿದ ಹಾಗೆ. ಹಾಗೇ ಬಿಟ್ಟರೆ ಮಗಳಿಗೆ.

ಇದನ್ನೆಲ್ಲ ಯೋಚಿಸುವ ಹಾಗೆ ಮಾಡಿದ್ದು ಚಿಕ್ಕಪ್ಪನ ಕಾಗದಪತ್ರಗಳು. ಚಿಕ್ಕಪ್ಪ ಅರಸೀಕೆರೆ ಹತ್ತಿರ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಸಂಬಳದಲ್ಲಿ ಉಳಿಸಿ, ರಿಟೈರ್ ಆದ ಮೇಲೆ ಬಂದದ್ದರಲ್ಲಿ ಸ್ವಲ್ಪ ಸೇರಿಸಿ, ಮೂರ್ನಾಲ್ಕು ಫಂಡ್ ಹೌಸ್‌ಗಳಲ್ಲಿ ಹಾಕಿದ್ದರು. ಅವರು ಹೋದ ಮೇಲೆ ಈ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಲ್ಲಿರೋಳು, ಕಂಪ್ಯೂಟರ್ ಗೊತ್ತಿರೋಳು ಅನ್ನುವುದಷ್ಟೇ ನನ್ನ ಅರ್ಹತೆ.

ಒಂದು ಫೋಲಿಯೊದಲ್ಲಿ ಚಿಕ್ಕಮ್ಮ ನಾಮಿನಿ. ಡೆತ್ ಸರ್ಟಿಫಿಕೇಟ್, ಚಿಕ್ಕಮ್ಮನ ಪ್ಯಾನ್ ಮತ್ತು ಕೆವೈಸಿ, ಅವರ ಹೆಸರು ಅಚ್ಚಾಗಿರುವ ಕ್ಯಾನ್ಸಲ್ ಮಾಡಿದ ಚೆಕ್, ಜೊತೆಗೆ ಟಿ3 ಅಂತ ಒಂದು ಫಾರ್ಮ್. ಅಷ್ಟು ಕೊಟ್ಟ ಮೇಲೆ ಯೂನಿಟ್‌ಗಳು, ಅಂದರೆ ಫಂಡ್‌ನಲ್ಲಿ ಚಿಕ್ಕಪ್ಪನಿಗಿದ್ದ ಪಾಲು, ಅವರ ಹೆಸರಿಗೆ ಬಂದವು. ಚಿಕ್ಕಮ್ಮ ಮನೆ ಬಿಟ್ಟು ಬ್ಯಾಂಕಿನವರೆಗೆ ಹೋಗಿದ್ದು ಬಿಟ್ಟರೆ ಬೇರೆ ಎಲ್ಲೂ ಅಲೆಯಲಿಲ್ಲ.

ಇನ್ನೊಂದರಲ್ಲಿ ನಾಮಿನಿ ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ದುಡ್ಡು ಹಾಕಿದವರಿಗಿಂತ ಮೊದಲೇ ನಾಮಿನಿ ಹೋಗಿಬಿಟ್ಟರೆ ಆ ನಾಮಿನೇಷನ್ ಅಲ್ಲಿಗೇ ಬಿದ್ದುಹೋಗುತ್ತದೆ, ನಾಮಿನಿಯ ಮಕ್ಕಳಿಗೆ ಅದು ಇಳಿಯುವುದಿಲ್ಲ. ಅಂದರೆ ಕಾಗದದ ಮೇಲೆ ಹೆಸರಿದೆ, ಲೆಕ್ಕಕ್ಕೆ ನಾಮಿನಿ ಇಲ್ಲ. ಅಲ್ಲಿಂದ ಶುರುವಾಯಿತು ನೋಡಿ ಓಡಾಟ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಬೇಕು. ಛಾಪಾ ಕಾಗದದ ಮೇಲೆ ಅಫಿಡವಿಟ್, ಮುಂದೆ ಯಾರಾದರೂ ಹಕ್ಕು ಕೇಳಿದರೆ ನಷ್ಟ ನಾವೇ ತುಂಬುತ್ತೇವೆ ಅನ್ನುವ ಇಂಡೆಮ್ನಿಟಿ ಬಾಂಡ್. ಇಬ್ಬರು ಮಕ್ಕಳೂ ನಮ್ಮ ತಕರಾರಿಲ್ಲ ಅಂತ ಬರೆದು ನೋಟರಿ ಮುಂದೆ ಸಹಿ ಹಾಕಬೇಕು, ಅದರಲ್ಲಿ ಒಬ್ಬ ಮಗ ಇರುವುದು ದೂರದ ಊರಿನಲ್ಲಿ. ಇದರ ಮಧ್ಯೆ ಹೆಸರಿನ ಗಲಾಟೆ. ಚಿಕ್ಕಮ್ಮನ ಆಧಾರ್‌ನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನಿಷಿಯಲ್ ಬೇರೆ, ವಂಶವೃಕ್ಷದಲ್ಲಿ 'ಕೋಂ' ಅಂತ ಗಂಡನ ಹೆಸರು ಸೇರಿಕೊಂಡು ಇನ್ನೊಂದು ರೂಪ. ಮೂವರೂ ಒಬ್ಬರೇ ಅಂತ ಮತ್ತೊಂದು ಅಫಿಡವಿಟ್. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ, ಪಾಪ. ಆದರೆ ಅವನ ಪಟ್ಟಿಯಲ್ಲಿ ಪ್ರತಿ ಸಲ ಹೋದಾಗಲೂ ಒಂದು ಹೊಸ ಸಾಲು ಇರುತ್ತಿತ್ತು. ಮೊತ್ತ ಸಣ್ಣದಿದ್ದದ್ದಕ್ಕೆ ಇಷ್ಟಕ್ಕೆ ಮುಗಿಯಿತು. ನಾಮಿನಿ ಇಲ್ಲದೆ ಮೊತ್ತ ಒಂದು ಮಿತಿ ದಾಟಿದರೆ ವಾರಸಾ ಸರ್ಟಿಫಿಕೇಟ್‌ಗೆ ಸಿವಿಲ್ ಕೋರ್ಟಿಗೇ ಹೋಗಬೇಕು, ಅಥವಾ ಉಯಿಲು ಇದ್ದರೆ ಅದಕ್ಕೆ ಪ್ರೊಬೇಟ್, ಅಂದರೆ ಉಯಿಲು ಸರಿಯಾದದ್ದು ಅನ್ನುವ ಕೋರ್ಟಿನ ಮುದ್ರೆ, ಕೇಳಬಹುದು.

ಅಷ್ಟಾದ ಮೇಲೂ ಚಿಕ್ಕಮ್ಮನಿಗೆ ಒಂದು ಅನುಮಾನ ಉಳಿದಿತ್ತು. "ಇನ್ನೂ ಎಲ್ಲಾದರೂ ಹಾಕಿರಬಹುದೇನೋ ಕಣೇ, ನನಗೆ ಹೇಳ್ತಿರಲಿಲ್ಲ ಅವರು." ಇಂಥ ಮರೆತುಹೋದ ಫೋಲಿಯೊ ಹುಡುಕುವುದಕ್ಕೆ ಈಗ ಒಂದು ದಾರಿ ಇದೆ. ಹತ್ತು ವರ್ಷ ಯಾರೂ ಮುಟ್ಟದ, ಆದರೆ ಯೂನಿಟ್ ಉಳಿದಿರುವ ಫೋಲಿಯೊಗಳನ್ನು ಹುಡುಕಲು 2025ರಲ್ಲಿ ಸೆಬಿ, ಅಂದರೆ ಷೇರು ಮತ್ತು ಮ್ಯೂಚುವಲ್ ಫಂಡ್‌ಗಳ ನಿಯಂತ್ರಕ ಸಂಸ್ಥೆ, ಹೇಳಿ ಮಾಡಿಸಿದ 'ಮಿತ್ರ' ಅನ್ನುವ ವ್ಯವಸ್ಥೆ. ಚಿಕ್ಕಪ್ಪನ ಹೆಸರಲ್ಲಿ ಅಲ್ಲಿ ಏನೂ ಸಿಗಲಿಲ್ಲ. ಸಿಗಲಿಲ್ಲ ಅಂತ ಗೊತ್ತಾದದ್ದೇ ಚಿಕ್ಕಮ್ಮನಿಗೆ ಸಮಾಧಾನ.

ಇಷ್ಟು ನೋಡಿದ ಮೇಲೆ ಯಾರಿಗಾದರೂ ಅನ್ನಿಸುವುದು, ಸರಿ, ಬದುಕಿರುವ ಒಬ್ಬರ ಹೆಸರು ಹಾಕಿಬಿಟ್ಟರೆ ಆಯಿತಲ್ಲ ಅಂತ. ಓಡಾಟದ ಮಟ್ಟಿಗೆ ಹೌದು. ಆದರೆ ದುಡ್ಡು ಕೊನೆಗೆ ಯಾರದ್ದು ಅನ್ನುವುದು ಬೇರೆಯೇ ಪ್ರಶ್ನೆ, ಮತ್ತು ನಮ್ಮ ಮನೆಗಳಲ್ಲಿ ಈ ಎರಡನ್ನೂ ಒಂದೇ ಅಂದುಕೊಂಡಿದ್ದೇವೆ. "ನಿನ್ನ ಹೆಸರಿಗೇ ಬರೆದಿದ್ದೀನಿ ಬಿಡು" ಅಂತ ಗಂಡ ಹೆಂಡತಿಗೆ ಹೇಳುವಾಗ ಅವನು ಹೇಳುತ್ತಿರುವುದು ನಾಮಿನಿ ಕಾಲಂ ಬಗ್ಗೆ. ಅವಳಿಗೆ ಕೇಳಿಸುವುದು ಈ ದುಡ್ಡು ನನ್ನದು ಅಂತ.

ಕಾನೂನು ಹಾಗೆ ಹೇಳುವುದಿಲ್ಲ. ನಾಮಿನಿಗೆ ದುಡ್ಡು ಕೊಟ್ಟರೆ ಫಂಡ್ ಹೌಸ್‌ನ ಜವಾಬ್ದಾರಿ ಮುಗಿಯಿತು, ಅಷ್ಟೇ. ತೆಗೆದುಕೊಂಡ ನಾಮಿನಿ ಅದನ್ನು ವಾರಸುದಾರರ ಪರವಾಗಿ ಹಿಡಿದಿಟ್ಟುಕೊಂಡಿರುತ್ತಾರೆ. ಉಯಿಲು ಇದ್ದರೆ ಅದರಲ್ಲಿ ಹೇಳಿದವರಿಗೆ, ಇಲ್ಲದಿದ್ದರೆ ಉತ್ತರಾಧಿಕಾರ ಕಾಯ್ದೆ ಹೇಳಿದವರಿಗೆ ಅದು ಸೇರಬೇಕು. ಇದು ಹೊಸ ಮಾತಲ್ಲ. 1983ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಎಲ್‌ಐಸಿ ಪಾಲಿಸಿಯೊಂದರ ವಿಷಯದಲ್ಲಿ ಇದನ್ನು ಹೇಳಿತು. ಗಂಡ ತೀರಿಕೊಂಡಿದ್ದ, ಹೆಂಡತಿ ನಾಮಿನಿ, ತಾಯಿ ಮತ್ತು ಮಗ ಪಾಲು ಕೇಳಿದರು. ನಾಮಿನಿ ಅಂದ ಮಾತ್ರಕ್ಕೆ ಎಲ್ಲವೂ ಅವಳದಾಗುವುದಿಲ್ಲ ಅಂದಿತು ಕೋರ್ಟ್. ಆ ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯನವರು, ಮುಂದೆ 1989ರಲ್ಲಿ ಮುಖ್ಯ ನ್ಯಾಯಮೂರ್ತಿಯಾದವರು.

ಅದು ವಿಮೆ, ಮ್ಯೂಚುವಲ್ ಫಂಡ್ ಬೇರೆ ಅಂತ ವಾದ ಮಾಡುವವರಿದ್ದರು. ಷೇರಿನ ವಿಷಯದಲ್ಲಿ ನಾಮಿನಿಯೇ ಮಾಲೀಕ ಅಂತ ಬಾಂಬೆ ಹೈಕೋರ್ಟಿನ ಒಂದು ತೀರ್ಪೂ 2010ರಲ್ಲಿ ಬಂದಿತ್ತು, ಅದು ಸುಮಾರು ಜನರನ್ನು ಗೊಂದಲಕ್ಕೆ ಹಾಕಿತು. ಆ ಗೊಂದಲ ಪೂರ್ತಿ ಹೋದದ್ದು 2023ರ ಡಿಸೆಂಬರ್‌ನಲ್ಲಿ. ಕಾಲನಿರ್ಣಯ ಕ್ಯಾಲೆಂಡರ್ ಶುರು ಮಾಡಿದ ಜಯಂತ್ ಸಾಳಗಾಂವಕರ್ ಅವರ ಕುಟುಂಬದ ಪ್ರಕರಣ. ಅವರು 2011ರಲ್ಲಿ ಉಯಿಲು ಬರೆದಿಟ್ಟು 2013ರಲ್ಲಿ ತೀರಿಕೊಂಡರು. ಕೆಲವು ಮ್ಯೂಚುವಲ್ ಫಂಡ್‌ಗಳಿಗೆ ನಾಮಿನಿಗಳಾಗಿದ್ದವರು ಅವು ನಮ್ಮವೇ ಅಂದರು. ಷೇರಾಗಲಿ ಮ್ಯೂಚುವಲ್ ಫಂಡ್ ಆಗಲಿ, ನಾಮಿನೇಷನ್ ಉತ್ತರಾಧಿಕಾರದ ಮೂರನೇ ದಾರಿಯೇನಲ್ಲ ಅನ್ನುವ ಅರ್ಥದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನನ್ನನ್ನು ಜಾಸ್ತಿ ಕಾಡಿತು, ಯಾಕೆಂದರೆ ಅದು ನಮ್ಮೆಲ್ಲರ ಮನೆಯಲ್ಲೂ ನಡೆಯಬಹುದಾದದ್ದು. ಮದುವೆಗೆ ಮೊದಲು ಒಬ್ಬ ಹುಡುಗ ವಿಮೆ ಮಾಡಿಸಿ ಅಮ್ಮನನ್ನು ನಾಮಿನಿ ಮಾಡಿದ್ದ. ಮದುವೆಯಾಯಿತು, ಮಗುವಾಯಿತು, ನಾಮಿನಿ ಬದಲಾಗಲಿಲ್ಲ. 2019ರಲ್ಲಿ ತೀರಿಕೊಂಡ. ಅತ್ತೆ ಸೊಸೆ ಕೋರ್ಟಿನಲ್ಲಿ ಎದುರುಬದುರಾದರು. 2025ರಲ್ಲಿ ಕರ್ನಾಟಕ ಹೈಕೋರ್ಟ್, ನಾಮಿನಿ ಅನ್ನುವ ಕಾರಣಕ್ಕೆ ತಾಯಿಗೇ ಪೂರ್ತಿ ಸೇರುವುದಿಲ್ಲ, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಅಂದಿತು. ಆ ಮನೆಯಲ್ಲಿ ಯಾರೂ ಕೆಟ್ಟವರಿರಲಿಕ್ಕಿಲ್ಲ. ಒಬ್ಬಳು ಮಗನನ್ನು ಕಳೆದುಕೊಂಡವಳು, ಇನ್ನೊಬ್ಬಳು ಗಂಡನನ್ನು. ಇಬ್ಬರಿಗೂ ಮುಂದಿನ ದಿನಗಳ ಭಯ. ಮದುವೆಯಾದ ವರ್ಷ ಒಂದು ಒಟಿಪಿಯಲ್ಲಿ ಮುಗಿಯಬಹುದಿದ್ದ ಕೆಲಸಕ್ಕೆ ಇಷ್ಟು ವರ್ಷ ಕೋರ್ಟು.

ಪಿಎಫ್‌ನಲ್ಲಿ ಇದಕ್ಕೆ ಒಂದು ಒಳ್ಳೆ ನಿಯಮ ಇದೆ. ಮದುವೆಗೆ ಮೊದಲು ಮಾಡಿದ ನಾಮಿನೇಷನ್ ಕುಟುಂಬ ಆದ ಮೇಲೆ ತಾನಾಗೇ ರದ್ದು, ಹೊಸದಾಗಿ ಕೊಡಲೇಬೇಕು. ಮ್ಯೂಚುವಲ್ ಫಂಡ್‌ನಲ್ಲಿ ಹಾಗಿಲ್ಲ. ನೀವು ಮುಟ್ಟುವವರೆಗೆ ಅದು ಹಾಗೇ ಇರುತ್ತದೆ, ಇಪ್ಪತ್ತು ವರ್ಷವಾದರೂ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಮೂವರಿಗೂ ಸಮಪಾಲು ಅನ್ನುವುದು ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸಿನ ತಾಯಿ ಮೊದಲ ಸಾಲಿನ ವಾರಸುದಾರಳು, ಹೆಂಡತಿ ಮಕ್ಕಳ ಜೊತೆ ಸಮ. (ಅಪ್ಪ ಆ ಸಾಲಿನಲ್ಲಿ ಇಲ್ಲ, ಇದು ಎಷ್ಟೋ ಅಪ್ಪಂದಿರಿಗೆ ಗೊತ್ತೇ ಇಲ್ಲ.) ಹೆಂಗಸು ತೀರಿಕೊಂಡರೆ ಲೆಕ್ಕ ಬೇರೆ. ಮೊದಲು ಗಂಡ ಮತ್ತು ಮಕ್ಕಳು. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರೂ ಯಾರೂ ಇಲ್ಲದಿದ್ದರೆ ಆಗ ಅವಳ ಅಪ್ಪ ಅಮ್ಮ. ಅಪ್ಪ ಅಮ್ಮನಿಂದ ಬಂದ ಆಸ್ತಿಗೆ ಬೇರೆ ನಿಯಮ ಇದೆ, ಆದರೆ ಅವಳೇ ದುಡಿದ ದುಡ್ಡಿಗೆ ಇದೇ.

ಅಂದರೆ ನೋಡಿ. ನನಗೂ ತಮ್ಮನಿಗೂ ಅಮ್ಮ ಒಬ್ಬಳೇ. ನನ್ನ ತಮ್ಮನಿಗೆ ಏನಾದರೂ ಆದರೆ, ಬಿಡ್ತು ಅನ್ನಿ, ಅವನ ದುಡ್ಡಿನಲ್ಲಿ ಕಾನೂನೇ ಅಮ್ಮನಿಗೆ ಸಮಪಾಲು ಕೊಡುತ್ತದೆ. ನನಗೆ ಏನಾದರೂ ಆದರೆ ನನ್ನ ದುಡ್ಡಿನಲ್ಲಿ ಅದೇ ಅಮ್ಮನಿಗೆ ಕಾನೂನಿನ ಪ್ರಕಾರ ಏನೂ ಇಲ್ಲ. ನಮ್ಮನ್ನು ಒಂದೇ ಸಮ ಓದಿಸಿದವಳು. ನನ್ನ ಇಂಜಿನಿಯರಿಂಗ್ ಫೀಸಿಗೆ ಬಳೆ ಅಡವಿಟ್ಟವಳು. ನಾಮಿನಿ ಕಾಲಂನಲ್ಲಿ ಅವಳ ಹೆಸರು ಇದೆಯಲ್ಲಾ ಅಂತ ಇಷ್ಟು ದಿನ ನೆಮ್ಮದಿಯಾಗಿದ್ದರೆ ಅದು ಸುಮ್ನೆ. ಅವಳ ಕೈಗೆ ದುಡ್ಡು ಬರುತ್ತದೆ ನಿಜ, ಆದರೆ ಬಂದದ್ದನ್ನು ಅವಳು ಇವರಿಗೂ ಮಗಳಿಗೂ ಕೊಡಬೇಕಾಗುತ್ತದೆ. ಇವರು ಕೇಳುವವರಲ್ಲ, ನನಗೆ ಗೊತ್ತು. ಆದರೂ ಯಾರದೋ ಒಳ್ಳೆತನದ ಮೇಲೆ ಅಮ್ಮನ ಮುಪ್ಪನ್ನು ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಒಳ್ಳೆತನ ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ 2009ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಇದೆ. ಉತ್ತರ ಭಾರತದ ಒಬ್ಬ ಹೆಣ್ಣುಮಗಳು. ಮದುವೆಯಾದ ಮೂರೇ ತಿಂಗಳಿಗೆ ಗಂಡ ಹಾವು ಕಚ್ಚಿ ಸತ್ತ. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ಬ್ಯಾಂಕಿನಲ್ಲಿ, ಪಿಎಫ್‌ನಲ್ಲಿ ದುಡ್ಡು ಕೂಡಿಟ್ಟಳು. 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡಳು. ಅವಳ ತಾಯಿ ಕೇಳಿದರು, ಗಂಡನ ಅಕ್ಕತಂಗಿಯರ ಕಡೆಯ ಮಕ್ಕಳೂ ಕೇಳಿದರು. ದುಡ್ಡು ಹೋದದ್ದು ಗಂಡನ ಕಡೆಗೆ. ಇದು ಕಷ್ಟದ ಪ್ರಕರಣ ಅಂತ ಕೋರ್ಟೇ ಒಪ್ಪಿಕೊಂಡಿತು, ಆದರೆ ಕನಿಕರ ನೋಡಿ ತೀರ್ಪು ಕೊಡಲಾಗದು ಅಂದಿತು. ಹೊರಗೆ ಹಾಕಿದ ಮನೆಗೆ ಅವಳ ದುಡಿಮೆ. ಇದನ್ನು ಓದಿದ ರಾತ್ರಿ ನನಗೆ ಸಿಟ್ಟಿನಲ್ಲಿ ನಿದ್ದೆ ಬರಲಿಲ್ಲ.

2025ರ ನವೆಂಬರ್‌ನಲ್ಲಿ ಇದೇ ಕಾಯ್ದೆಯ ವಿಷಯ ಮತ್ತೆ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಪೀಠ ಕಾಯ್ದೆಯನ್ನು ಮುಟ್ಟಲಿಲ್ಲ. ಆದರೆ ಎಲ್ಲ ಹೆಂಗಸರೂ, ಅದರಲ್ಲೂ ಹಿಂದೂ ಹೆಂಗಸರು, ಕೂಡಲೇ ಉಯಿಲು ಬರೆದಿಡಿ ಅಂತ ಕೇಳಿಕೊಂಡಿತು. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, 1983ರ ತೀರ್ಪು ಬರೆದ ವೆಂಕಟರಾಮಯ್ಯನವರ ಮಗಳು. ನಾಮಿನಿ ಮಾಲೀಕನಲ್ಲ ಅಂತ ಅಪ್ಪ ಹೇಳಿದ್ದು, ಹಾಗಾದರೆ ಉಯಿಲು ಬರೆಯಿರಿ ಅಂತ ಮಗಳು ಹೇಳಿದ್ದು, ಮಧ್ಯೆ ನಲವತ್ತೆರಡು ವರ್ಷ. ನಾವು ಮಾತ್ರ ಇನ್ನೂ ನಾಮಿನಿ ಕಾಲಂ ತುಂಬಿ ಎಲ್ಲ ಮುಗಿಯಿತು ಅಂದುಕೊಂಡಿದ್ದೇವೆ.

ಹಾಗಂತ ನಾಮಿನಿ ಬೇಡ ಅಂತ ಅಲ್ಲ. ಬೇಕೇ ಬೇಕು, ಚಿಕ್ಕಮ್ಮನ ಎರಡು ಫೋಲಿಯೊಗಳ ಕಥೆ ಮೇಲೆಯೇ ಇದೆ. 2022ರಲ್ಲಿ ಸೆಬಿ, ನಾಮಿನಿ ಕೊಡಿ ಇಲ್ಲವೇ ಬೇಡ ಅಂತ ಬರೆದುಕೊಡಿ ಅಂದಾಗ, ಇಲ್ಲದಿದ್ದರೆ ಫೋಲಿಯೊ ಫ್ರೀಜ್ ಆಗುತ್ತದೆ ಅನ್ನುವ ಮೆಸೇಜುಗಳು ಬರುತ್ತಾ ಇದ್ದವು, ನೆನಪಿದೆಯಾ? ಗಡುವು ಮುಂದೆ ಹೋಗುತ್ತಾ ಹೋಗುತ್ತಾ 2024ರ ಜೂನ್‌ನಲ್ಲಿ, ಹಳೆಯ ಫೋಲಿಯೊಗಳನ್ನು ಫ್ರೀಜ್ ಮಾಡುವುದಿಲ್ಲ ಅಂತ ಸೆಬಿಯೇ ಹೇಳಿತು. ಆ ಕಾಟ ತಾಳಲಾರದೆ 'ನಾಮಿನಿ ಬೇಡ' ಅನ್ನುವುದಕ್ಕೆ ಟಿಕ್ ಹಾಕಿದವರು ನನ್ನ ಆಫೀಸಿನಲ್ಲೇ ಇದ್ದಾರೆ. ಅವರು ಒಂದು ಸಲ ತಮ್ಮ ಸ್ಟೇಟ್‌ಮೆಂಟ್ ತೆಗೆದು ನೋಡಬೇಕು.

ಸ್ಟೇಟ್‌ಮೆಂಟ್ ಅಂದರೆ ಪ್ಯಾನ್ ಮೇಲೆ ಎಲ್ಲ ಫಂಡ್ ಹೌಸ್‌ಗಳದ್ದೂ ಒಟ್ಟಿಗೆ ಬರುತ್ತದಲ್ಲ, ಅದು. ಪ್ರತಿ ಫೋಲಿಯೊ ಮುಂದೆ ನಾಮಿನಿ ವಿವರ ಇರುತ್ತದೆ. ಒಂದು ಕಡೆ ಬದಲಾಯಿಸಿದರೆ ಎಲ್ಲ ಕಡೆ ಬದಲಾಗುವುದಿಲ್ಲ, ಫೋಲಿಯೊಗೊಂದು ನಾಮಿನೇಷನ್. ಹಾಗಾಗಿ ಸಣ್ಣಪುಟ್ಟ ಹಳೇ ಫೋಲಿಯೊಗಳನ್ನೂ ಬಿಡದೆ ನೋಡಬೇಕು. ಕೆಲಸವೇನೋ ಸುಲಭ. ಆಯಾ ಫಂಡ್ ಹೌಸ್‌ನ ವೆಬ್‌ಸೈಟ್‌ನಲ್ಲಿ ಮಾಡಬಹುದು, ಇಲ್ಲ ಫಂಡ್ ಹೌಸ್‌ಗಳ ಲೆಕ್ಕಪತ್ರ ನೋಡಿಕೊಳ್ಳುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕಂಪನಿಗಳು ಸೇರಿ ನಡೆಸುವ ಎಂಎಫ್ ಸೆಂಟ್ರಲ್‌ ವೆಬ್‌ಸೈಟ್‌ನಲ್ಲಿ ಒಂದೇ ಜಾಗದಿಂದ ಮಾಡಬಹುದು. ಹೆಸರು, ಸಂಬಂಧ, ಎಷ್ಟು ಶೇಕಡಾ, ಗುರುತಿಗೆ ಪ್ಯಾನ್ ಅಥವಾ ಡ್ರೈವಿಂಗ್ ಲೈಸೆನ್ಸ್ ಅಥವಾ ಆಧಾರ್‌ನ ಕೊನೆಯ ನಾಲ್ಕು ಅಂಕಿ, ಆಮೇಲೆ ಒಟಿಪಿ. ನಾಮಿನಿಯ ಸಹಿ ಬೇಡ, ದುಡ್ಡೂ ಇಲ್ಲ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಮೊಬೈಲ್ ನಂಬರ್ ಹಳೆಯದಾಗಿದ್ದರೆ ಮಾತ್ರ ಮೊದಲು ಅದನ್ನು ಸರಿ ಮಾಡಿಸಬೇಕು. ಕಂಪ್ಯೂಟರ್ ಬೇಡ ಅನ್ನುವ ಹಿರಿಯರು ಫಾರ್ಮ್ ತುಂಬಿ ಕೊಡಬಹುದು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ ಕ್ಯಾಮ್ಸ್ ಕಚೇರಿ ಇದೆ. ಯೂನಿಟ್‌ಗಳು ಬ್ರೋಕರ್ ಮೂಲಕ ತೆರೆದ ಡಿಮ್ಯಾಟ್ ಖಾತೆಯಲ್ಲಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ಡಿಮ್ಯಾಟ್ ಖಾತೆಗೆ ಯಾರು ನಾಮಿನಿಯೋ ಅವರೇ, ಬ್ರೋಕರ್ ಕಡೆಯಿಂದಲೇ ಬದಲಾಯಿಸಬೇಕು.

ನನ್ನ ಗೊಂದಲಕ್ಕೆ ಉತ್ತರ ಸಿಕ್ಕಿದ್ದು ಶೇಕಡಾ ಕಾಲಂನಲ್ಲಿ. ಮೊದಲು ಮೂವರವರೆಗೆ ಮಾತ್ರ ಇತ್ತು, 2025ರ ಜನವರಿಯ ಸುತ್ತೋಲೆಯಲ್ಲಿ ಸೆಬಿ ಅದನ್ನು 10ಕ್ಕೆ ಏರಿಸಿತು. ಹತ್ತು ಜನ ಯಾರಿಗೆ ಬೇಕೋ ಗೊತ್ತಿಲ್ಲ, ನನಗೆ ಇಬ್ಬರು ಸಾಕು. ಅಮ್ಮ ಅಥವಾ ಗಂಡ ಅಂತ ಆಯ್ಕೆ ಮಾಡುವ ಅಗತ್ಯವೇ ಇರಲಿಲ್ಲ. ಮಗಳ ಹೆಸರನ್ನು ನೇರವಾಗಿ ಹಾಕಲಿಲ್ಲ. ಅಪ್ರಾಪ್ತ ಮಕ್ಕಳನ್ನು ನಾಮಿನಿ ಮಾಡಬಹುದು, ಗಾರ್ಡಿಯನ್ ಹೆಸರು ಕೊಟ್ಟು. ಆದರೆ ನನ್ನ ಮಗಳ ಗಾರ್ಡಿಯನ್ ಇವರೇ ತಾನೇ.

ಇವರ ಹತ್ತಿರ ಮಾತಾಡಿದಾಗ, "ಜಂಟಿ ಮಾಡಿಬಿಡೋಣ, ತಲೆನೋವೇ ಇರಲ್ಲ" ಅಂದರು. ಜಂಟಿಯಲ್ಲಿ ಒಬ್ಬರು ಹೋದರೆ ಯೂನಿಟ್ ಇನ್ನೊಬ್ಬರಿಗೆ ಹೋಗುತ್ತದೆ, ನಾಮಿನಿಯ ಸರದಿ ಬರುವುದು ಎಲ್ಲರೂ ಹೋದ ಮೇಲೆ. ಅಂದರೆ ಅಮ್ಮನ ಸರದಿ ಬರುವುದೇ ಇಲ್ಲ. ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನದರಲ್ಲೂ ನಮ್ಮಮ್ಮನ ಪಾಲು ನೋಡಬೇಕಲ್ವಾ" ಅಂದರು. ನೋಡಿದರೆ ಇವರ ಫೋಲಿಯೊಗಳಲ್ಲೆಲ್ಲ ನನ್ನ ಹೆಸರೇ. ಅತ್ತೆಗೆ ಕಾನೂನಿನಲ್ಲಿ ಪಾಲು ಇದೆ, ಆದರೆ ಅದನ್ನು ಅವರು ನನ್ನ ಹತ್ತಿರ ಕೇಳಿ ತೆಗೆದುಕೊಳ್ಳುವ ಪರಿಸ್ಥಿತಿ ಬರುತ್ತಿತ್ತು. ಅವರೂ ಶೇಕಡಾ ಬದಲಾಯಿಸಿದರು.

ಎಷ್ಟೆಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಉಯಿಲಿನಲ್ಲೂ ಅದೇ ಲೆಕ್ಕ ಇಟ್ಟಿದ್ದೇನೆ ಅನ್ನುವುದು ಮುಖ್ಯ. ನಾಮಿನಿ ಒಬ್ಬರು, ಉಯಿಲಿನಲ್ಲಿ ಇನ್ನೊಬ್ಬರು ಅಂತ ಬರೆದರೆ ನಾವೇ ಜಗಳ ಹುಟ್ಟುಹಾಕಿ ಹೋದ ಹಾಗೆ. ಉಯಿಲು ಅಂದರೆ ಎಲ್ಲರೂ ಹೆದರುತ್ತಾರೆ, ವಕೀಲರು, ಛಾಪಾ ಕಾಗದ, ಸಬ್ ರಿಜಿಸ್ಟ್ರಾರ್ ಆಫೀಸು ಅಂತ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ನಮ್ಮ ಸಹಿ, ಅದನ್ನು ನೋಡಿದ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಗಳು ಪಾಲು ಪಡೆಯುವವರಾಗಿರದಿದ್ದರೆ ಒಳ್ಳೆಯದು. ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಗಟ್ಟಿ. ಮುಸ್ಲಿಮರಿಗೆ, ಕ್ರೈಸ್ತರಿಗೆ ಉತ್ತರಾಧಿಕಾರದ ಲೆಕ್ಕ ಬೇರೆ ಇದೆ, ಅವರು ತಿಳಿದವರನ್ನು ಕೇಳಿಯೇ ಬರೆಯಬೇಕು. ನಮ್ಮ ಪಕ್ಕದ ಮನೆಯ ದಂಪತಿ ಬಂದು ಸಾಕ್ಷಿ ಹಾಕಿದರು, ಕಾಫಿ ಕುಡಿದು ಹೋಗುವಾಗ ಆ ಮನೆಯ ಆಂಟಿ "ನಂದೂ ಒಂದು ಬರ್ಕೊಡ್ತೀಯಾ?" ಅಂತ ಮೆಲ್ಲಗೆ ಕೇಳಿದರು, ಗಂಡನಿಗೆ ಕೇಳಿಸದ ಹಾಗೆ.

ಅಮ್ಮನಿಗೆ ಇದೆಲ್ಲ ಹೇಳುವುದು ಕಷ್ಟವಾಯಿತು. ಫೋನ್‌ನಲ್ಲಿ ಶುರು ಮಾಡಿದರೆ ಸಾಕು, "ಅಪಶಕುನ ಮಾತಾಡ್ಬೇಡ, ನನಗೆ ಯಾಕೆ ನಿನ್ನ ದುಡ್ಡು" ಅಂತ ಬೈಗುಳ. ಕೊನೆಗೆ ಊರಿಗೆ ಹೋದಾಗ ನನ್ನ ವಿಷಯ ಬಿಟ್ಟು ಅವಳದ್ದನ್ನೇ ಕೇಳಿದೆ, ನಿನ್ನ ಪೋಸ್ಟ್ ಆಫೀಸ್ ಖಾತೆಗೆ ಯಾರಮ್ಮ ನಾಮಿನಿ ಅಂತ. ಪಾಸ್‌ಬುಕ್ ತಂದಳು. ಅಪ್ಪನ ಹೆಸರಿತ್ತು. ಅಪ್ಪ ಹೋಗಿ ಆರು ವರ್ಷ. "ಹಂಗಾದ್ರೆ ಇದನ್ನ ನಿಮ್ಮಿಬ್ಬರ ಹೆಸರಿಗೆ ಮಾಡ್ಸು" ಅಂದಳು. ಇಬ್ಬರ ಹೆಸರಿಗಾ ಅಂತ ಕೇಳಿದೆ, ಯಾಕೆಂದರೆ ಊರಿನಲ್ಲಿ ಅವಳನ್ನು ನೋಡಿಕೊಳ್ಳುವವನು ತಮ್ಮ. "ಹೂಂ, ಇಬ್ಬರದೂ. ಅರ್ಧ ಅರ್ಧ." ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಸೋಮವಾರ ಅಂಚೆ ಕಚೇರಿ ತೆಗೆದ ಮೇಲೆ ಹೋಗಿ ಫಾರ್ಮ್ ತಂದೆವು.